ಪಟ್ಟಿ ನೋಡಿಯೇ ಕತ್ತರಿಸಿದರೂ ಡ್ರೆಸ್ ದೊಗಳೆ ಯಾಕೆ?

ಪ್ರಶ್ನೆ: ಬೇಸಿಗೆಗೆ ಅಂತ ಕಾಟನ್ ಡ್ರೆಸ್ ಹೊಲಿಯಲು ರೆಡಿ ಪ್ಯಾಟರ್ನ್ (ಬೇರೆ ಬೇರೆ ಸೈಜಿನ ಗೆರೆಗಳಿರುವ, ಬಟ್ಟೆ ಕತ್ತರಿಸಲು ಬಳಸುವ ಕಾಗದ) ತಂದೆ. ನನ್ನ ಎದೆ ಸುತ್ತಳತೆ 38 ಇಂಚು. ಕವರ್ ಮೇಲಿನ ಪಟ್ಟಿಯಲ್ಲಿ ಅದಕ್ಕೆ 16ನೇ ಸೈಜ್ ಅಂತಿತ್ತು. ಅದನ್ನೇ ಕತ್ತರಿಸಿ ಹೊಲಿದೆ. ಭುಜ ಜಾರುತ್ತದೆ, ಕುತ್ತಿಗೆ ಬಾಯಿ ಬಿಡುತ್ತದೆ, ಮೈಯೆಲ್ಲ ದೊಗಳೆ. ತಪ್ಪಿದ್ದು ಎಲ್ಲಿ?

ಉತ್ತರ: ನೀವು ಟೇಪ್ ಹಿಡಿದದ್ದರಲ್ಲಿ ತಪ್ಪಿಲ್ಲ. ನೋಡಬೇಕಾದ ಇನ್ನೆರಡು ಅಳತೆಗಳನ್ನು ನೋಡಿಲ್ಲ, ಅಷ್ಟೇ. ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ, ಯಾಕೆಂದರೆ ಕವರ್ ನಮಗೆ ಅರ್ಧ ವಿಷಯವನ್ನು ಮಾತ್ರ ಹೇಳುತ್ತದೆ.

ಮೊದಲನೆಯದು ಮೇಲೆದೆ. ಟೇಪನ್ನು ಎರಡೂ ಕಂಕುಳಿನಡಿ ಎತ್ತರದಲ್ಲಿ, ಎದೆಯ ಉಬ್ಬಿಗಿಂತ ಮೇಲೆ ಸುತ್ತಿ ನೋಡಿ. ಸಿಂಪ್ಲಿಸಿಟಿ, ಮೆಕಾಲ್ಸ್‌ನಂಥ ಕಂಪನಿಗಳು ಸಾಮಾನ್ಯವಾಗಿ ಬಿ ಕಪ್ ಲೆಕ್ಕದಲ್ಲಿ ಪ್ಯಾಟರ್ನ್ ಬರೆಯುತ್ತವೆ. ಅಂದರೆ ಮೇಲೆದೆಗೂ ತುಂಬು ಎದೆಗೂ ಸುಮಾರು 2 ಇಂಚು ವ್ಯತ್ಯಾಸ. ನಿಮ್ಮ ಮೇಲೆದೆ 34 ಇದ್ದರೆ ವ್ಯತ್ಯಾಸ 4 ಆಯಿತು. ಎದೆ ತುಂಬಿದೆ, ಆದರೆ ಭುಜದ ಮೂಳೆ ಚಿಕ್ಕದು. 16 ಕತ್ತರಿಸಿದಾಗ ಭುಜ, ಕುತ್ತಿಗೆ, ಆರ್ಮ್‌ಹೋಲ್ ಎಲ್ಲವೂ ದೊಡ್ಡವರ ಲೆಕ್ಕಕ್ಕೆ ಹೋಗಿಬಿಟ್ಟವು. ಇಂಥ ಕಡೆ ಪಟ್ಟಿಯಲ್ಲಿ ಎದೆ ಅಳತೆಯ ಜಾಗದಲ್ಲಿ ಮೇಲೆದೆಯನ್ನೇ ಇಟ್ಟು ನೋಡಬೇಕು. 34ಕ್ಕೆ ಬರುವುದು 12ನೇ ಸೈಜ್.

‘ಅಯ್ಯೋ, 38ರ ಎದೆಗೆ 12 ಆಗುತ್ತಾ?’ ಅಂತ ಅನ್ನಿಸುತ್ತದೆ, ಅಲ್ವಾ? ಅಲ್ಲಿಗೇ ಎರಡನೇ ಅಳತೆ ಬರುವುದು: ಹೊಲಿದು ಮುಗಿದ ಬಟ್ಟೆಯ ಅಳತೆ. ಪಟ್ಟಿಯಲ್ಲಿರುವುದು ಮೈ ಅಳತೆ. ಬಟ್ಟೆ ಅದಕ್ಕಿಂತ ಎಷ್ಟು ಜಾಸ್ತಿ ಇದೆಯೋ ಅದೇ ಲೂಸ್. ಹಿಗ್ಗದ ಬಟ್ಟೆಗೆ ಎದೆಯ ಹತ್ತಿರ 2 ಇಂಚಾದರೂ ಲೂಸ್ ಬೇಕು, ಇಲ್ಲದಿದ್ದರೆ ಕೈ ಎತ್ತಲು ಆಗುವುದಿಲ್ಲ. ಬೇಸಿಗೆ ಡ್ರೆಸ್‌ಗೆ ಗಾಳಿಯಾಡಲಿ ಅಂತ ಇನ್ನೂ ಜಾಸ್ತಿ ಬಿಟ್ಟಿರುತ್ತಾರೆ. ಎಷ್ಟು ಬಿಟ್ಟಿದ್ದಾರೆ ಅಂತ ಕವರ್‌ನ ಫೋಟೋ ನೋಡಿ ತಿಳಿಯುವುದಿಲ್ಲ. ಮಾಡೆಲ್ ಹಿಂದೆ ಪಿನ್ ಹಾಕಿದ್ದರೆ ಯಾರಿಗೆ ಗೊತ್ತು!

ಒಳಗಿನ ಕಾಗದ ಬಿಡಿಸಿ. ಮುಂಭಾಗದ ತುಂಡಿನಲ್ಲಿ ಎದೆಯ ಹತ್ತಿರ ಮುಗಿದ ಅಳತೆಯನ್ನು ಪ್ರಿಂಟ್ ಮಾಡಿರುತ್ತಾರೆ. ಇಲ್ಲದಿದ್ದರೆ ನೀವೇ ಅಳೆಯಿರಿ. ಉದಾಹರಣೆಗೆ, 12ರ ಗೆರೆಯಲ್ಲಿ ಮಡಿಕೆಯಿಂದ ಪಕ್ಕದ ಅಂಚಿನವರೆಗೆ ಮುಂಭಾಗ 10¾, ಹಿಂಭಾಗ 10½ ಇಂಚು ಬಂತು ಎನ್ನಿ. ಕೂಡಿದರೆ 21¼. ಪಕ್ಕದ ಹೊಲಿಗೆಗೆ ಹೋಗುವ ಮಾರ್ಜಿನ್ ತಲಾ ⅝ ಇಂಚು, ಎರಡೂ ಸೇರಿ 1¼. ಅದನ್ನು ಕಳೆದರೆ 20. ಕಾಗದದಲ್ಲಿರುವುದು ಅರ್ಧ ಮೈ ಆದ್ದರಿಂದ ಪೂರ್ತಿ ಸುತ್ತು 40. ಎದೆಯ ಗೆರೆಯಲ್ಲಿ ಡಾರ್ಟ್ (ಮಡಚಿ ಚೂಪಾಗಿ ಹೊಲಿಯುವ ಮಡಿಕೆ) ಅಥವಾ ನೆರಿಗೆ ಬಂದರೆ ಅದನ್ನೂ ಕಳೆಯಬೇಕು.

ಈಗ ನೋಡಿ, ನಿಮ್ಮ 38ಕ್ಕೆ 12ನೇ ಸೈಜಿನಲ್ಲೇ 2 ಇಂಚು ಲೂಸ್ ಸಿಕ್ಕಿತು. ಅದೇ ಡ್ರೆಸ್ 16ರಲ್ಲಿ ಹತ್ತಿರ ಹತ್ತಿರ 44 ಆಗುತ್ತದೆ. ದೊಗಳೆ ಆಗದೆ ಇನ್ನೇನು?

ಮೈಗೆ ಅಂಟುವ ಡಿಸೈನ್ ಆದರೆ ಮಾತು ಬೇರೆ. ಅಲ್ಲಿ 12 ಎದೆಗೆ ಸಾಲುವುದಿಲ್ಲ. ಭುಜಕ್ಕೆ 12 ಇಟ್ಟುಕೊಂಡು, ಮುಂಭಾಗದ ಕಾಗದವನ್ನು ಎದೆಯ ತುದಿ ಹಾದು ಸೀಳಿ, ಬೇಕಾದಷ್ಟು ಬಿಡಿಸಿ, ಅಡಿಗೆ ಇನ್ನೊಂದು ಕಾಗದ ಅಂಟಿಸಬೇಕು. ಸ್ವಲ್ಪ ರಗಳೆಯ ಕೆಲಸ. ಮೊದಲ ಡ್ರೆಸ್‌ಗೆ ಸಡಿಲ ಡಿಸೈನನ್ನೇ ಆರಿಸಿಕೊಳ್ಳಿ ಅನ್ನುವುದು ಅದಕ್ಕೇ. ಸೊಂಟ ಅಥವಾ ಹಿಪ್ ಮಾತ್ರ ದೊಡ್ಡದಿದ್ದರೆ ಇಷ್ಟೆಲ್ಲ ಬೇಡ. ಕಂಕುಳಿನಿಂದ ಕೆಳಗೆ 12ರ ಗೆರೆಯಿಂದ 14 ಅಥವಾ 16ರ ಗೆರೆಗೆ ನಿಧಾನವಾಗಿ ಓರೆಯಾಗಿ ಸೇರಿಸಿದರೆ ಆಯಿತು. ಮುಂದೆ, ಹಿಂದೆ ಎರಡರಲ್ಲೂ ಒಂದೇ ಥರ ಇರಲಿ.

ಮಾರ್ಜಿನ್ ವಿಷಯ ಒಂದು ಮಾತು. ಬುರ್ಡಾ ಮ್ಯಾಗಜೀನ್‌ನಂಥ ಪ್ಯಾಟರ್ನ್‌ಗಳಲ್ಲಿ ಅದು ಸೇರಿರುವುದಿಲ್ಲ, ನಾವೇ ಸೇರಿಸಿಕೊಳ್ಳಬೇಕು. ಅಂಥದ್ದರಲ್ಲಿ ಮೇಲಿನ ಲೆಕ್ಕದ ಮಾರ್ಜಿನ್ ಕಳೆಯುವ ಹಂತ ಬಿಟ್ಟುಬಿಡಿ.

ಸುಮ್ನೆ ಮೂಲ ಕಾಗದಕ್ಕೇ ಕತ್ತರಿ ಹಾಕಬೇಡಿ. ತೆಳು ಕಾಗದದ ಮೇಲೆ ನಿಮ್ಮ ಗೆರೆಯನ್ನು ನಕಲು ಮಾಡಿಕೊಂಡು, ಮೊದಲು ಹಳೆ ಬೆಡ್‌ಶೀಟ್‌ನಲ್ಲಿ ಮೇಲ್ಭಾಗವನ್ನಷ್ಟೇ ಉದ್ದುದ್ದ ಹೊಲಿಗೆ ಹಾಕಿ ತೊಟ್ಟು ನೋಡಿ. ಹೊಸ ಕಾಟನ್ ಅಷ್ಟರಲ್ಲಿ ನೀರಿನಲ್ಲಿ ನೆನೆದು ಒಣಗಲಿ, ಯಾಕೆಂದರೆ ಹೊಲಿದ ಮೇಲೆ ಕುಗ್ಗಿದರೆ ಆ 2 ಇಂಚು ಲೂಸ್ ಉಳಿಯುವುದಿಲ್ಲ.