ಹಲ್ಲಿನ ಲೆಕ್ಕ: ಎಷ್ಟು ತಿಂದಿರಿ ಅಂತಲ್ಲ, ಎಷ್ಟು ಸಲ ಅಂತ

ಸಂಕ್ರಾಂತಿ ಮುಗಿದ ಮೇಲೂ ನಮ್ಮ ಮನೆಯಲ್ಲಿ ಎಳ್ಳುಬೆಲ್ಲದ ಡಬ್ಬ ಹದಿನೈದು ದಿನ ಟೇಬಲ್ ಮೇಲೇ ಇರುತ್ತದೆ. ಹೋಗ್ತಾ ಒಂದು ಹಿಡಿ, ಬರ್ತಾ ಒಂದು ಹಿಡಿ. ದಂತಕ್ಷಯದ ಪಾಠ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಅದೇ ಡಬ್ಬ. ಆ ಪಾಠವನ್ನು ನಾನು ಅರ್ಥ ಮಾಡಿಕೊಂಡ ರೀತಿಯಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ನಾವು ‘ಹುಳುಕು ಹಲ್ಲು’ ಅನ್ನುತ್ತೇವೆ, ಆದರೆ ಹಲ್ಲಿನೊಳಗೆ ಯಾವ ಹುಳುವೂ ಇರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಉಗುರಿನಿಂದ ಹಲ್ಲು ಕೆರೆದರೆ ಬಿಳಿ ಬಿಳಿಯಾಗಿ ಮೆತ್ತಗಿನ ಅಂಟು ಬರುತ್ತದಲ್ವಾ, ಅದೇ ಪ್ಲಾಕ್. ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಪರೀಕ್ಷೆಗೆ ನೆನಪಿಡಬೇಕಾದ ಮುಖ್ಯ ಹೆಸರು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. 1924ರಲ್ಲಿ ಕ್ಲಾರ್ಕ್ ಎಂಬವರು ಇದನ್ನು ಗುರುತಿಸಿದರು. ನಾವು ತಿಂದ ಸಕ್ಕರೆಯನ್ನೇ ಇದೂ ತಿನ್ನುತ್ತದೆ, ತಿಂದು ಆಮ್ಲ ಬಿಡುತ್ತದೆ. ಹಲ್ಲನ್ನು ಕರಗಿಸುವುದು ಆ ಆಮ್ಲ.

ಈಗ ಬರುವುದು ಇಡೀ ಪಾಠದ ಜೀವಾಳ, ಸ್ಟೆಫಾನ್ ರೇಖೆ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೆಫಾನ್ ಜನರಿಗೆ ಗ್ಲೂಕೋಸ್ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಆಮೇಲೆ ಪ್ಲಾಕ್‌ನ ಪಿಎಚ್ (ಆಮ್ಲ ಎಷ್ಟಿದೆ ಅಂತ ತೋರಿಸುವ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) ಅಳೆಯುತ್ತಾ ಹೋದರು. ಕೆಲವೇ ನಿಮಿಷಗಳಲ್ಲಿ ಪಿಎಚ್ ಧಡ್ ಅಂತ ಕೆಳಗಿಳಿಯಿತು. ಮೇಲೆ ಬರುವುದು ಮಾತ್ರ ನಿಧಾನ, ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಪಿಎಚ್ ಹೀಗೆ ಇಳಿದು ಏರುವುದನ್ನು ತೋರಿಸುವ ಗೆರೆಯೇ ಸ್ಟೆಫಾನ್ ರೇಖೆ. ಹಲ್ಲಿನ ಹೊರಪದರವಾದ ಎನಾಮಲ್ ಕರಗಲು ಶುರುವಾಗುವುದು ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದಾಗ. ಪಿಎಚ್‌ನಲ್ಲಿ 1 ಕಡಿಮೆಯಾಯಿತು ಅಂದರೆ ಆಮ್ಲ ಹತ್ತು ಪಟ್ಟು ಜಾಸ್ತಿಯಾಯಿತು ಅಂತ ಅರ್ಥ. ಹಾಗಾಗಿ 6.5 ಮತ್ತು 5.5 ಹತ್ತಿರ ಹತ್ತಿರ ಅಂತ ಸುಮ್ನೆ ಅಂದುಕೊಳ್ಳಬೇಡಿ.

ಪಿಎಚ್ಚನ್ನು ಮತ್ತೆ ಮೇಲೆ ಎತ್ತುವುದು ಜೊಲ್ಲು. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದದ್ದು ಇದೇ. ಜೊಲ್ಲು ಆಮ್ಲವನ್ನು ತಣಿಸುತ್ತದೆ. ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ವಾಪಸ್ ಕೊಡುತ್ತದೆ. ಅಂದರೆ ಕರಗಿದ್ದು ಮತ್ತೆ ಕಟ್ಟಿಕೊಳ್ಳುತ್ತದೆ. ಹುಳುಕಿನ ಮೊದಲ ಗುರುತು ಕಪ್ಪು ತೂತು ಅಲ್ಲ, ಸೀಮೆಸುಣ್ಣ ಬಳಿದಂಥ ಬಿಳಿ ಮಚ್ಚೆ. ಹಲ್ಲನ್ನು ಒರೆಸಿ ಒಣಗಿಸಿ ನೋಡಿದರೆ ಅದು ಚೆನ್ನಾಗಿ ಕಾಣುತ್ತದೆ. ಆ ಹಂತದಲ್ಲಿ ಹಲ್ಲು ಇನ್ನೂ ಸರಿಹೋಗಬಹುದು. ಒಮ್ಮೆ ತೂತಾದರೆ ಡೆಂಟಿಸ್ಟ್ ತುಂಬಿಸಲೇಬೇಕು.

ಜೊಲ್ಲಿಗೆ ಬೇಕಾದದ್ದು ಬಿಡುವು. ಒಂದು ಲೆಕ್ಕ ಮಾಡೋಣ. ಒಬ್ಬರು ನಾಲ್ಕು ಮೈಸೂರು ಪಾಕನ್ನು ಮಧ್ಯಾಹ್ನದ ಊಟದ ಜೊತೆಗೇ ತಿಂದು ಮುಗಿಸಿದರು. ರೇಖೆ ಇಳಿದದ್ದು ಒಂದೇ ಸಲ. ಇನ್ನೊಬ್ಬರು ಅದೇ ನಾಲ್ಕನ್ನು ನಾಲ್ಕು ಹೊತ್ತಿನಲ್ಲಿ ಒಂದೊಂದೇ ತಿಂದರು, ನಡುವೆ ನಾಲ್ಕು ಸಲ ಸಕ್ಕರೆ ಹಾಕಿದ ಟೀ ಕುಡಿದರು. ರೇಖೆ ಎಂಟು ಸಲ ಇಳಿಯಿತು. ಸಲಕ್ಕೆ ಅರ್ಧ ಗಂಟೆ ಅಂತ ಹಿಡಿದರೂ ನಾಲ್ಕು ಗಂಟೆ ಹಲ್ಲು ಆಮ್ಲದಲ್ಲಿ ನೆನೆಯಿತು. ಇಬ್ಬರೂ ತಿಂದ ಸಿಹಿತಿಂಡಿ ಅಷ್ಟೇ. ನಮ್ಮ ಬಾಳೆಎಲೆ ಊಟದಲ್ಲಿ ಪಾಯಸ, ಹೋಳಿಗೆ ಎಲ್ಲ ಅನ್ನ ಸಾರಿನ ಜೊತೆಗೇ ಬಂದು, ಕೊನೆಗೆ ಮಜ್ಜಿಗೆಯಲ್ಲಿ ಮುಗಿಯುತ್ತದೆ. ಹಲ್ಲಿನ ಕಡೆಯಿಂದ ನೋಡಿದರೆ ಸಿಹಿ ತಿನ್ನಲು ಅದು ಒಳ್ಳೆಯ ಹೊತ್ತು.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. 1945ರಿಂದ ಕೆಲವು ವರ್ಷ ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆಯಿತು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟದ ನಡುನಡುವೆ ಅಂಟುವ ಟಾಫಿ ತಿಂದವರ ಹಲ್ಲು ಹಾಳಾದವು. ಟಾಫಿ ನಿಲ್ಲಿಸಿದ ಮೇಲೆ ಹೊಸ ಹುಳುಕು ಕಡಿಮೆಯಾಯಿತು. ಆದರೆ ಆ ಟಾಫಿ ತಿಂದವರು ಬುದ್ಧಿಮಾಂದ್ಯ ಇದ್ದ ರೋಗಿಗಳು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಹಲ್ಲನ್ನು ಬೇಕೆಂದೇ ಕೆಡಿಸಿದರು. ಫಲಿತಾಂಶವನ್ನು ಓದುವಾಗಲೆಲ್ಲ ಆ ಜನರನ್ನೂ ನೆನೆಯಬೇಕು ಅಂತ ನನಗೆ ಅನಿಸುತ್ತದೆ. ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿ ಬೆಳೆದದ್ದು ಇದರ ನಂತರವೇ.

ಟಾಫಿಯ ಜಾಗದಲ್ಲಿ ನಮ್ಮ ಗೋಕಾಕದ ಕರದಂಟು ಇಟ್ಟು ನೋಡಿ. ಒಂದು ತುಂಡು ತಿಂದು, ಹತ್ತು ನಿಮಿಷ ಬಿಟ್ಟು ದವಡೆ ಹಲ್ಲಿನ ಮೇಲೆ ನಾಲಿಗೆ ಆಡಿಸಿ. ಗುಂಡಿಯಲ್ಲಿ ಇನ್ನೂ ಸಿಹಿ ಸಿಗುತ್ತದೆ. ಚಿಕ್ಕಿಯೂ ಹಾಗೇ. ಅವುಗಳಿಗೆ ಹೋಲಿಸಿದರೆ ಪಾಯಸ ಬೇಗ ತೊಳೆದು ಹೋಗುತ್ತದೆ. ಕಲ್ಲುಸಕ್ಕರೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಚೀಪುವುದಂತೂ ಹಲ್ಲಿಗೆ ಬಿಡುವೇ ಕೊಡದ ಹಾಗೆ.

ಬೆಲ್ಲ ತಿಂದರೆ ಹಲ್ಲಿಗೆ ಏನೂ ಆಗಲ್ಲ ಅಂತ ಬಹಳ ಜನ ನಂಬಿದ್ದಾರೆ. ಬೆಲ್ಲದಲ್ಲೂ ಹೆಚ್ಚಿನ ಪಾಲು ಸುಕ್ರೋಸೇ, ಅಂದರೆ ಬಿಳಿ ಸಕ್ಕರೆಯಲ್ಲಿ ಇರುವುದೇ. ಬ್ಯಾಕ್ಟೀರಿಯಾಗೆ ಬಿಳಿ, ಕಂದು ಅನ್ನುವ ಭೇದ ಇಲ್ಲ. ಜೇನುತುಪ್ಪವೂ ಬಿಟ್ಟಿಲ್ಲ.

ತಿಂದ ಮೇಲೆ ಏನು? ಒಂದು ಲೋಟ ನೀರಿನಲ್ಲಿ ಚೆನ್ನಾಗಿ ಬಾಯಿ ಮುಕ್ಕಳಿಸಿ. ನಿಂಬೆ ಶರಬತ್ತಿನಂಥ ಹುಳಿ ಕುಡಿದಿದ್ದರೆ ಕೂಡಲೇ ಬ್ರಷ್ ಹಿಡಿಯಬೇಡಿ, ಮೆತ್ತಗಾದ ಎನಾಮಲ್ ಸವೆಯುತ್ತದೆ. ಅರ್ಧ ಗಂಟೆ ಕಾಯಿರಿ. ಪೇಸ್ಟ್ ಫ್ಲೋರೈಡ್ ಇರುವುದಾಗಿರಲಿ. ಎನಾಮಲ್‌ಗೆ ಫ್ಲೋರೈಡ್ ಸೇರಿದರೆ ಅದು ಕರಗಲು ಇನ್ನೂ ಜಾಸ್ತಿ ಆಮ್ಲ ಬೇಕು. ಉಜ್ಜಿದ ಮೇಲೆ ಉಗುಳಿ, ಆದರೆ ನೀರು ಹಾಕಿ ಪೂರ್ತಿ ತೊಳೆಯಬೇಡಿ. ಮೂರು ವರ್ಷದೊಳಗಿನ ಮಕ್ಕಳಿಗೆ ಒಂದು ಅಕ್ಕಿಕಾಳಿನಷ್ಟು ಪೇಸ್ಟ್, ಆಮೇಲೆ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಸಾಕು. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಅಲ್ಲಿ ಮಕ್ಕಳು ಪೇಸ್ಟ್ ನುಂಗದಂತೆ ಇನ್ನಷ್ಟು ಗಮನ ಬೇಕು.

ರಾತ್ರಿಯದ್ದು ಬೇರೆಯೇ ಲೆಕ್ಕ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ, ರೇಖೆಯನ್ನು ಮೇಲೆ ಎತ್ತುವವರೇ ಇರುವುದಿಲ್ಲ. ಮಗುವಿನ ಬಾಯಿಗೆ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸಿದರೆ ಮೇಲಿನ ಮುಂದಿನ ಹಲ್ಲುಗಳು ಮೊದಲು ಹೋಗುವುದು ಇದಕ್ಕೇ.

ಈ ವರ್ಷ ನಮ್ಮ ಡಬ್ಬ ಟೇಬಲ್‌ನಿಂದ ಅಡುಗೆಮನೆಯ ಮೇಲಿನ ಶೆಲ್ಫಿಗೆ ಹೋಯಿತು. ಊಟಕ್ಕೆ ಕೂತಾಗ ಇಳಿಸುತ್ತೇವೆ, ಎಲ್ಲರೂ ಬೇಕಾದಷ್ಟು ಹಾಕಿಕೊಳ್ಳುತ್ತೇವೆ. ಹದಿನೈದು ದಿನಕ್ಕೆ ಖಾಲಿಯೂ ಆಯಿತು.