ಸ್ಕೋಪ್ 3 ಟಿಪ್ಪಣಿ: ಒಂದೇ ಹೊಗೆ ಇಬ್ಬರ ಲೆಕ್ಕದಲ್ಲಿ ಯಾಕೆ?

ಪುಣೆಯ ಚಾಕಣ, ಭೋಸರಿ ಕಡೆ ಕೆಲಸ ಮಾಡಿಕೊಂಡೇ ಓದುತ್ತಿರುವ ನಮ್ಮ ಕನ್ನಡದ ಗೆಳೆಯರಿಗೆ ಇದನ್ನು ಬರೆಯುತ್ತಿದ್ದೇನೆ.

ಕಂಪನಿಯೊಂದು ತನ್ನಿಂದಾಗುವ ಹಸಿರುಮನೆ ಅನಿಲವನ್ನು (ಇಲ್ಲಿ ಸುಮ್ನೆ ‘ಹೊಗೆ’ ಅನ್ನುತ್ತೇನೆ) ಲೆಕ್ಕ ಹಾಕುವಾಗ ಮೂರು ಭಾಗ ಮಾಡುತ್ತದೆ, ಅವೇ ಸ್ಕೋಪ್‌ಗಳು. ಸ್ಕೋಪ್ 1 ಅಂದರೆ ನಮ್ಮದೇ ಕುಲುಮೆ, ಜನರೇಟರ್, ಗಾಡಿಗಳ ಹೊಗೆ. ಸ್ಕೋಪ್ 2 ನಾವು ಕೊಂಡ ಕರೆಂಟಿನದು. ನಮ್ಮ ಕೆಲಸದ ಹಿಂದೆ ಮುಂದೆ ಬೇರೆಯವರಲ್ಲಿ ಆಗುವ ಉಳಿದದ್ದೆಲ್ಲ ಸ್ಕೋಪ್ 3, ಅದರಲ್ಲಿ 15 ವಿಭಾಗ. ಇಷ್ಟು ಸುಲಭ.

ತಲೆ ಕೆಡುವುದು ಮುಂದೆ. ಚಾಕಣದ ಒಂದು ಪ್ರೆಸ್ ಶಾಪ್ (ಉಕ್ಕಿನ ತಗಡು ಒತ್ತಿ ಭಾಗ ಮಾಡುವ ಸಣ್ಣ ಕಾರ್ಖಾನೆ) ಕಾರ್ ಕಂಪನಿಗೆ ಬ್ರಾಕೆಟ್ ಮಾಡಿ ಕೊಡುತ್ತದೆ ಅಂದುಕೊಳ್ಳಿ. ತಿಂಗಳಿಗೆ 10,000 ಯೂನಿಟ್ ಕರೆಂಟ್. ನಮ್ಮ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್, ಅಂದರೆ 7 ಟನ್. ಇದು ಪ್ರೆಸ್ ಶಾಪ್‌ನ ಸ್ಕೋಪ್ 2. ಅರ್ಧ ಮಾಲು ಆ ಕಾರ್ ಕಂಪನಿಗೆ ಹೋದರೆ, ಇದೇ 7ರಲ್ಲಿ 3.5 ಟನ್ ಕಂಪನಿಯ ಸ್ಕೋಪ್ 3ರಲ್ಲೂ ಬರುತ್ತದೆ, ಕೊಂಡ ಸರಕಿನ ವಿಭಾಗದಲ್ಲಿ. ಎರಡು ಸಲ ಎಣಿಸಿದ ಹಾಗಾಯಿತಲ್ವಾ? ಆಯಿತು, ಬೇಕಂತಲೇ! ಇಬ್ಬರ ಲೆಕ್ಕ ಕೂಡಿಸಿ ದೇಶದ ಮೊತ್ತ ತೆಗೆಯಬಾರದು, ಅಷ್ಟೇ. ಬೇಕಂತಲೇ ಯಾಕೆಂದರೆ, ಈ ಹೊಗೆ ಇಳಿಸುವುದು ಇಬ್ಬರ ಕೈಯಲ್ಲೂ ಇದೆ: ಸೋಲಾರ್ ಹಾಕಿಸುವುದು ಪ್ರೆಸ್ ಶಾಪ್‌ನ ಕೈಯಲ್ಲಿದೆ, ಆದರೆ ಮೂರ್ನಾಲ್ಕು ವರ್ಷದ ಆರ್ಡರ್ ಬರೆದುಕೊಟ್ಟು ಅದಕ್ಕೆ ಸಾಲ ಸಿಗುವ ಹಾಗೆ ಮಾಡುವುದು ಕಾರ್ ಕಂಪನಿಯ ಕೈಯಲ್ಲಿದೆ. ಅರ್ಧ ಕರೆಂಟ್ ಬಿಸಿಲಿನಿಂದ ಬಂದರೆ ಪ್ರೆಸ್ ಶಾಪ್‌ನ ಲೆಕ್ಕದಲ್ಲಿ 7 ಇದ್ದದ್ದು 3.5, ಕಾರ್ ಕಂಪನಿಯ ಲೆಕ್ಕದಲ್ಲಿ 3.5 ಇದ್ದದ್ದು 1.75.

ಆದರೆ ಈ ಇಳಿತ ಲೆಕ್ಕದಲ್ಲಿ ಕಾಣಬೇಕಲ್ಲ. ಬಹಳ ಕಂಪನಿಗಳು ಮಾಲಿಗೆ ಕೊಟ್ಟ ರೂಪಾಯಿಯನ್ನು ಒಂದು ಸರಾಸರಿ ಅಂಕಿಯಿಂದ ಗುಣಿಸಿ ಸುಮ್ನೆ ಬಿಡುತ್ತವೆ. ಆಗ ಸೋಲಾರ್ ಹಾಕಿಸಿದರೂ ಅಂಕಿ ಕದಲುವುದಿಲ್ಲ, ಬ್ರಾಕೆಟ್ ಬೆಲೆ ಏರಿದರೆ ಹೊಗೆಯೂ ಏರಿದ ಹಾಗೆ ತೋರುತ್ತದೆ. ಕಷ್ಟಪಟ್ಟು ಹಣ ಹಾಕಿದ ಸಣ್ಣ ಶಾಪ್‌ಗೆ ಇದು ನಿಜಕ್ಕೂ ಅನ್ಯಾಯ. ಅದಕ್ಕೇ ಸಪ್ಲೈಯರ್‌ನ ಕರೆಂಟ್ ಬಿಲ್, ಡೀಸೆಲ್ ಲೀಟರ್ ಕೇಳಿ ತೆಗೆದುಕೊಳ್ಳಬೇಕು. ಡೀಸೆಲ್‌ಗೆ ನಾನು ನೆನಪಿಟ್ಟಿರುವುದು ಲೀಟರ್‌ಗೆ ಸುಮಾರು 2.7 ಕಿಲೋ.

ಬ್ರಾಕೆಟ್‌ನ ಹೊಗೆಯಲ್ಲಿ ದೊಡ್ಡ ಪಾಲು ಮಾತ್ರ ಉಕ್ಕಿನದೇ. ಕಲ್ಲಿದ್ದಲಿನ ಊದುಕುಲುಮೆಯಲ್ಲಿ ಒಂದು ಟನ್ ಉಕ್ಕಿಗೆ 2 ಟನ್‌ಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್. ಗುಜರಿ ಕರಗಿಸಿ ವಿದ್ಯುತ್ ಕುಲುಮೆಯಲ್ಲಿ ಮಾಡಿದರೆ ಬಹಳ ಕಡಿಮೆ. ಈ ವ್ಯತ್ಯಾಸಕ್ಕೆ ಬೆಲೆಯೂ ಇದೆ: ಹೊರಗಿನಿಂದ ಬರುವ ಮಾಲಿನ ಹೊಗೆಗೆ ಹಾಕುವ ಯುರೋಪಿನ ಗಡಿ ಇಂಗಾಲ ತೆರಿಗೆ, ಅಂದರೆ ಸಿಬಿಎಎಂ, ಉಕ್ಕು ಅಲ್ಯೂಮಿನಿಯಂ ಎರಡನ್ನೂ ಹಿಡಿಯುತ್ತದೆ.

ಇನ್ನು ನೆಟ್ ಝೀರೋ, ಅಂದರೆ ಬಿಟ್ಟ ಹೊಗೆ, ವಾಪಸ್ ಹೀರಿದ್ದು ಎರಡೂ ಸಮ ಆಗುವುದು: ಕಂಪನಿಗಳ ಹೊಗೆ ಇಳಿಸುವ ಗುರಿಗಳನ್ನು ಪರಿಶೀಲಿಸುವ ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್ ಸಂಸ್ಥೆಯ 2021ರ ಮಾನದಂಡದಂತೆ ಹೆಚ್ಚಿನ ಕಂಪನಿಗಳು 2050ರೊಳಗೆ ಕನಿಷ್ಠ 90% ಇಳಿಸಬೇಕು, ಉಳಿದದ್ದನ್ನಷ್ಟೇ ಗಾಳಿಯಿಂದ ವಾಪಸ್ ಹೀರಿ ಸರಿದೂಗಿಸಬಹುದು. ಅದಕ್ಕೇ ಪರೀಕ್ಷೆಯಲ್ಲಿ ಮರ ನೆಡುವುದನ್ನು ಮೊದಲ ಸಾಲಿಗೇ ತರಬೇಡಿ, ಮೊದಲು ಇಳಿಸುವ ಮಾತು ಬರೆಯಿರಿ.