ಇರಾಕ್ ಯುದ್ಧಕ್ಕೆ ಟೋನಿ ಬ್ಲೇರ್ ಮೇಲೆ ಕೇಸ್ ಯಾಕೆ ಆಗಲಿಲ್ಲ?

ಪ್ರಶ್ನೆ: ಇರಾಕ್ ಹತ್ತಿರ ಭಯಂಕರ ಅಸ್ತ್ರಗಳಿವೆ ಎಂದು ಹೇಳಿ 2003ರಲ್ಲಿ ಯುದ್ಧಕ್ಕೆ ಹೋದರು. ಅಸ್ತ್ರಗಳು ಸಿಗಲೇ ಇಲ್ಲ. ಅಷ್ಟೊಂದು ಜನ ಸತ್ತರೂ ಆಗ ಬ್ರಿಟನ್ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಕಟಕಟೆಗೆ ಬರಲಿಲ್ಲ. ಯಾಕೆ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಆ ಕೇಸ್ ನಡೆಸುವ ಅಧಿಕಾರ ಇರುವ ಕೋರ್ಟೇ ಇರಲಿಲ್ಲ.

ಇದನ್ನು ನಂಬುವುದು ಕಷ್ಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ಜರ್ಮನಿಯ ನಾಯಕರ ವಿಚಾರಣೆ ಆಯಿತಲ್ವಾ? ಇನ್ನೊಂದು ದೇಶದ ಮೇಲೆ ದಂಡೆತ್ತಿ ಹೋಗುವುದೇ ಅಪರಾಧ ಎಂದು ಅಲ್ಲಿ ತೀರ್ಪು ಬಂತು. ವಿಚಾರಣೆ ನಡೆಸಿದ ನಾಲ್ಕು ದೇಶಗಳಲ್ಲಿ ಬ್ರಿಟನ್ ಕೂಡ ಒಂದು. ಆದರೆ ಆ ಅಪರಾಧ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ವ್ಯಾಪ್ತಿಗೆ ಬಂದದ್ದು 2018ರ ಜುಲೈನಲ್ಲಿ. ಅದಕ್ಕಿಂತ ಹಿಂದೆ ನಡೆದ ಯುದ್ಧಗಳಿಗೆ ಅದು ಅನ್ವಯಿಸುವುದಿಲ್ಲ. ಯುದ್ಧದಲ್ಲಿ ಸೈನಿಕ ಕೈದಿಗೆ ಹಿಂಸೆ ಕೊಟ್ಟರೆ ಆ ಕೋರ್ಟು 2003ರಲ್ಲೂ ಕೇಳಬಹುದಿತ್ತು. ಯುದ್ಧಕ್ಕೆ ಕಳಿಸಿದವರನ್ನು ಮಾತ್ರ ಕೇಳುವ ಹಾಗಿರಲಿಲ್ಲ.

ಬ್ರಿಟನ್ ಒಳಗೂ ಇದೇ ಕಥೆ. ಆಕ್ರಮಣ ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಪರಾಧ ಹೌದು, ಆದರೆ ಬ್ರಿಟನ್ ಪಾರ್ಲಿಮೆಂಟು ಅದನ್ನು ದೇಶದ ಕಾನೂನಿಗೆ ಸೇರಿಸಿಲ್ಲ ಎಂದು 2006ರಲ್ಲಿ ಅಲ್ಲಿನ ಅತ್ಯುನ್ನತ ಪೀಠ ಹೇಳಿತು. 2017ರಲ್ಲಿ ಇರಾಕಿನ ಒಬ್ಬ ಮಾಜಿ ಸೇನಾ ಜನರಲ್ ಬ್ಲೇರ್ ಮೇಲೆ ಖಾಸಗಿ ಕೇಸ್ ಹಾಕಲು ಹೋದರು. ಲಂಡನ್ ಹೈಕೋರ್ಟ್ ಅದೇ ಕಾರಣ ಕೊಟ್ಟು ವಾಪಸ್ ಕಳಿಸಿತು.

ಕೇಸ್ ಆಗಲಿಲ್ಲ ಅಂದ ಮಾತ್ರಕ್ಕೆ ಏನಾಯಿತೆಂದು ಗೊತ್ತಾಗದೆ ಉಳಿದಿಲ್ಲ. 2009ರಲ್ಲಿ ಸರ್ ಜಾನ್ ಚಿಲ್ಕಾಟ್ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕೂತಿತು. 2016ರ ಜುಲೈ 6ರಂದು 12 ಸಂಪುಟಗಳ ವರದಿ ಹೊರಬಂತು. ಅದರಲ್ಲಿ ನನ್ನನ್ನು ಹೆಚ್ಚು ಕಾಡುವುದು 2003ರ ಮಾರ್ಚ್‌ನ ಹತ್ತು ದಿನಗಳು.

ಮಾರ್ಚ್ 7ರಂದು ಸರ್ಕಾರದ ಮುಖ್ಯ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ 13 ಪುಟಗಳ ಅಭಿಪ್ರಾಯ ಕೊಟ್ಟರು. ಯುದ್ಧಕ್ಕೆ ಒಪ್ಪಿಗೆ ಕೊಡುವ ಇನ್ನೊಂದು ನಿರ್ಣಯವನ್ನು ವಿಶ್ವಸಂಸ್ಥೆಯಿಂದ ಪಡೆಯುವುದೇ ಎಲ್ಲಕ್ಕಿಂತ ಸುರಕ್ಷಿತ ದಾರಿ ಎಂದರು. ಅದಿಲ್ಲದೆಯೂ ವಾದ ಮಾಡಬಹುದು, ಆದರೆ ಕೋರ್ಟು ಒಪ್ಪುತ್ತದೆ ಎಂದು ಹೇಳಲಾಗದು ಎಂದೂ ಬರೆದರು. ಅಂದರೆ ಅನುಮಾನ ಇತ್ತು. ಸೇನಾ ಮುಖ್ಯಸ್ಥರಿಗೆ ಇದು ಸಾಲಲಿಲ್ಲ. ಅವರ ಹುಡುಗರು ಪ್ರಾಣ ಕೊಡಲು ಹೊರಟಿದ್ದರು. ಕಾನೂನುಬದ್ಧವೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿ ಎಂದು ಕೇಳಿದರು. ಮಾರ್ಚ್ 17ರಂದು ಪಾರ್ಲಿಮೆಂಟಿನ ಮುಂದೆ ಬಂದದ್ದು 337 ಪದಗಳ ಉತ್ತರ. ಯುದ್ಧ ಕಾನೂನುಬದ್ಧ ಎಂದಿತ್ತು. ಅನುಮಾನಗಳು ಅದರಲ್ಲಿ ಇರಲಿಲ್ಲ. ಆ 13 ಪುಟಗಳನ್ನು ಮಂತ್ರಿಮಂಡಲಕ್ಕೂ ಕೊಟ್ಟಿರಲಿಲ್ಲ. ಮರುದಿನವೇ ಮತದಾನ: ಪರ 412, ವಿರೋಧ 149.

ಚಿಲ್ಕಾಟ್ ಸಮಿತಿ ಕೋರ್ಟಲ್ಲ. ಹಾಗಾಗಿ ಯುದ್ಧ ಕಾನೂನುಬಾಹಿರ ಎಂದು ಅದು ಹೇಳಲಿಲ್ಲ. ಶಾಂತಿಯ ದಾರಿಗಳು ಇನ್ನೂ ಉಳಿದಿದ್ದವು, ಯುದ್ಧ ಆಗ ಕೊನೆಯ ದಾರಿಯಾಗಿರಲಿಲ್ಲ ಎಂದು ಮಾತ್ರ ಸ್ಪಷ್ಟವಾಗಿ ಬರೆಯಿತು. 2002ರ ಜುಲೈನಲ್ಲೇ ಬ್ಲೇರ್ ಅಮೆರಿಕದ ಅಧ್ಯಕ್ಷ ಬುಷ್‌ಗೆ, ಏನೇ ಆದರೂ ನಿಮ್ಮ ಜೊತೆ ಇರುತ್ತೇನೆ ಎಂದು ಪತ್ರ ಬರೆದಿದ್ದರು. ಮತದಾನಕ್ಕೆ ಆಗ ಇನ್ನೂ ಏಳೆಂಟು ತಿಂಗಳಿತ್ತು.

ಹಾಗಂತ ಎಲ್ಲವನ್ನೂ ಬ್ಲೇರ್ ತಲೆಗೆ ಕಟ್ಟಿದರೆ ಆ 412 ಜನ ತುಂಬಾ ಸುಲಭವಾಗಿ ಪಾರಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ನಮಗೆ ತಪ್ಪು ಮಾಹಿತಿ ಕೊಟ್ಟರು ಎಂದು ಆಮೇಲೆ ಎಷ್ಟೋ ಸಂಸದರು ಹೇಳಿಕೊಂಡರು. ಆದರೆ ಮತದಾನದ ಹಿಂದಿನ ದಿನ ರಾಬಿನ್ ಕುಕ್ ಮಂತ್ರಿ ಸ್ಥಾನ ಬಿಟ್ಟರು. ಅವರು ಹಿಂದೆ ವಿದೇಶಾಂಗ ಮಂತ್ರಿಯಾಗಿದ್ದವರು. ನಾವೆಲ್ಲ ಅಂದುಕೊಳ್ಳುವಂಥ ಅಸ್ತ್ರಗಳು ಇರಾಕ್ ಹತ್ತಿರ ಬಹುಶಃ ಇಲ್ಲ ಎಂದು ಅದೇ ಸದನದಲ್ಲಿ ನಿಂತು ಹೇಳಿದರು. ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರರಾಗಿದ್ದ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಕೂಡ ರಾಜೀನಾಮೆ ಕೊಟ್ಟರು. ಫೆಬ್ರವರಿಯಲ್ಲಿ ಲಂಡನ್ ಬೀದಿಗಳು ಯುದ್ಧ ಬೇಡ ಎನ್ನುವ ಜನರಿಂದ ತುಂಬಿಹೋಗಿದ್ದವು. ಪೂರ್ತಿ ಕಾನೂನು ಸಲಹೆ ತೋರಿಸಿ, ಆಮೇಲೆ ಓಟು ಹಾಕುತ್ತೇವೆ ಎಂದು ಆ ಸಂಸದರು ಪಟ್ಟು ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಬ್ರಿಟನ್ನಿನ 179 ಸೈನಿಕರು ಸತ್ತರು. 2009ರ ಹೊತ್ತಿಗೆ ಕನಿಷ್ಠ ಒಂದೂವರೆ ಲಕ್ಷ ಇರಾಕಿಗಳು, ಬಹುಶಃ ಇನ್ನೂ ಜಾಸ್ತಿ, ಸತ್ತಿದ್ದರು ಎಂದು ವರದಿ ಹೇಳುತ್ತದೆ. ಅವರಲ್ಲಿ ಹೆಚ್ಚಿನವರು ಸಾಮಾನ್ಯ ಜನ. ಬ್ಲೇರ್ ವರದಿ ಬಂದ ದಿನ ದುಃಖ ಹೇಳಿಕೊಂಡರು, ಕ್ಷಮೆಯ ಮಾತೂ ಆಡಿದರು. ಆದರೆ ಯುದ್ಧದ ನಿರ್ಧಾರ ತಪ್ಪು ಎಂದು ಒಪ್ಪಲಿಲ್ಲ. ಅದಕ್ಕೆ ಎಷ್ಟೋ ಮುಂಚೆ, 2005ರ ಚುನಾವಣೆಯಲ್ಲಿ, ಅವರ ಪಕ್ಷದ ಬಹುಮತ 167ರಿಂದ 66ಕ್ಕೆ ಇಳಿದಿತ್ತು. ಆದರೂ ಗೆದ್ದಿದ್ದರು.

ಒಂದು ಬದಲಾವಣೆ ಮಾತ್ರ ನಿಜವಾಗಿ ಆಯಿತು. 2013ರ ಆಗಸ್ಟ್‌ನಲ್ಲಿ ಸಿರಿಯಾ ಮೇಲೆ ದಾಳಿಗೆ ಪ್ರಧಾನಿ ಕ್ಯಾಮರೂನ್ ಸದನದ ಒಪ್ಪಿಗೆ ಕೇಳಿದರು. 285–272ರಲ್ಲಿ ಸೋತರು. ಇರಾಕ್ ನೆನಪು ಆ ಚರ್ಚೆಯ ತುಂಬಾ ಇತ್ತು. ಆದರೆ ಸದನವನ್ನು ಕೇಳಲೇಬೇಕು ಎನ್ನುವುದು ಅಲ್ಲಿ ಸಂಪ್ರದಾಯ ಅಷ್ಟೇ, ಕಾನೂನಲ್ಲ. 2018ರಲ್ಲಿ ಥೆರೇಸಾ ಮೇ ಕೇಳದೆಯೇ ಸಿರಿಯಾ ಮೇಲೆ ದಾಳಿ ಮಾಡಿಸಿದರು.

ನಮ್ಮ ದೇಶದಲ್ಲಿ ಹೇಗೆ ಎಂದು ಕೇಳುವವರೂ ಇದ್ದಾರೆ. ಸೇನೆ ಕಳಿಸುವ ಮೊದಲು ಸಂಸತ್ತಿನ ಓಟು ಬೇಕು ಎಂದು ನಮ್ಮ ಸಂವಿಧಾನವೂ ಹೇಳುವುದಿಲ್ಲ. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಯುದ್ಧವನ್ನು ನಿಂದಿಸುವ ನಿರ್ಣಯ ಮಾಡಿತು. ಸೈನಿಕರನ್ನು ಕಳಿಸಿ ಎಂದು ಅಮೆರಿಕ ಕೇಳಿದಾಗ, ಜುಲೈನಲ್ಲಿ ವಾಜಪೇಯಿ ಸರ್ಕಾರ ಆಗದು ಎಂದಿತು. ನಮ್ಮ ಹುಡುಗರು ಅಲ್ಲಿಗೆ ಹೋಗದೆ ಉಳಿದದ್ದು ಆ ಹೊತ್ತಿನ ನಿರ್ಧಾರದಿಂದ. ಬೇರೆ ನಿರ್ಧಾರ ಬಂದಿದ್ದರೆ ತಡೆಯುವ ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ.